ಎಣ್ಣೆಯೊಳಗಿನ ಬೀಗ

(ಬಾನುಲಿ ಭಾಷಣ)

ಕನ್ನಡ ವ್ಯಾಕರಣವನ್ನೂ ಹಳಗನ್ನಡ ಕಾವ್ಯವನ್ನೂ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿ ನಿವೃತ್ತನಾದವನು ಮೋಟಾರು ಕಾರಿನ ಗೇರುಪೆಟ್ಟಿಗೆಯ ವಿಚಾರವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ನಗು ಬರುವುದು ಸಹಜ. ಕಾರು ನಡೆಸುವುದು ನನಗೆ ಇಂದಿಗೂ ಬಾರದು. ಆದರೆ ಒಂದು ಹಳೆಯ ಕಾರಿನ ವಿಷಯದಲ್ಲಿ ನಾನು ತಿಳಿಯದೆ ಕೊಟ್ಟ ಸಲಹೆಯೊಂದು ಆ ಯಂತ್ರದ ಒಳಗುಟ್ಟನ್ನು ತಿಳಿದುಕೊಳ್ಳಲೇಬೇಕಾದ ಸ್ಥಿತಿಗೆ ನನ್ನನ್ನು ತಂದಿತು. ತಿಳಿದುಕೊಂಡದ್ದನ್ನು ತಮ್ಮ ಮುಂದಿಡುವುದಷ್ಟೇ ಈ ಹೊತ್ತಿನ ನನ್ನ ಉದ್ದೇಶ.

2012ನೆಯ ಇಸವಿ. ಬೇಸಗೆಯ ರಜೆಗೆ ಒಂದಿಷ್ಟು ಗಳಿಕೆಯ ರಜೆಯನ್ನೂ ಸೇರಿಸಿಕೊಂಡು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಓದುತ್ತಿದ್ದ ಮಗಳ ಬಳಿಗೆ ಹೋಗಿದ್ದೆ. ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣದಿಂದ ಅವಳು ಒಂದು ಹಳೆಯ ಕಾರನ್ನು ಕೊಂಡಿದ್ದಳು. 1987ರ ಕಾರು, ಅವಳಿಗಿಂತ ಒಂದು ವರ್ಷಕ್ಕೆ ಹಿರಿದು. ತಾನಾಗಿಯೇ ಗೇರು ಬದಲಿಸಿಕೊಳ್ಳುವ ಜಾತಿಯದು. ತಯಾರಿಸಿದವರ ಹೆಸರು ಇಲ್ಲಿ ಬೇಡ. ಇಪ್ಪತ್ತೈದು ವರ್ಷ ದುಡಿದ ಯಂತ್ರಕ್ಕೆ ಬೇನೆ ಬಂದರೆ ಅದು ತಯಾರಿಸಿದವರ ಅಪರಾಧವಲ್ಲ.

ಒಂದು ಸಂಜೆ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಪ್ರಯಾಣ ಮಾಡಿ ಊರಿನ ಕಡೆಗೆ ಇಳಿಯುವ ದಾರಿಯನ್ನು ಹಿಡಿದೆವು. ಮುಂದೆ ಕೆಂಪು ದೀಪ. ಮಗಳು ಬ್ರೇಕು ಒತ್ತಿದಳು. ಗಾಡಿ ನಿಲ್ಲುವುದಕ್ಕೆ ಮಾರುದೂರ ಇದೆ ಎನ್ನುವಾಗ ಗಡಗಡ ನಡುಗಿತು, ಎಂಜಿನ್ ಆರಿತು. ಹಿಂದೆ ಭಾರಿ ಲಾರಿಯೊಂದು ಕಹಳೆಯೂದುತ್ತ ಬರುತ್ತಿತ್ತು. ಎಂಜಿನ್ ಆರಿದ ಕಾರಿನಲ್ಲಿ ಚುಕ್ಕಾಣಿ ಕಲ್ಲಿನಂತೆ ಬಿಗಿಯುತ್ತದೆ. ಬ್ರೇಕಿಗೂ ಒಂದೆರಡು ಸಲ ಒತ್ತುವಷ್ಟು ಮಾತ್ರ ನೆರವು ಉಳಿದಿರುತ್ತದೆ. ಮಗಳು ಗಾಬರಿಯಾಗಲಿಲ್ಲ. ಗೇರಿನ ಹಿಡಿಯನ್ನು ಸರಿಸಿ ಮತ್ತೆ ಚಾಲೂ ಮಾಡಿ, "ಹೆದರಬೇಡಿ ಅಪ್ಪ, ಇದು ಯಾವಾಗಲೂ ಹೀಗೇ" ಎಂದಳು. ಯಾವಾಗಲೂ! ನಾಲ್ಕು ತಿಂಗಳಿನಿಂದ ಹೀಗೆ ನಡೆಯುತ್ತಿದ್ದರೂ ವಾರವಾರವೂ ಫೋನು ಮಾಡುವಾಗ ಅವಳು ನಮಗೆ ಹೇಳಿರಲಿಲ್ಲ. ಅದರ ನಡುವೆ ಎರಡು ಕಾರ್ಯಾಗಾರಗಳಿಗೆ ಹಣ ತೆತ್ತಿದ್ದಳು. ಒಬ್ಬರು ಪ್ಲಗ್ಗುಗಳನ್ನು ಬದಲಿಸಿದ್ದರು, ಮತ್ತೊಬ್ಬರು ಪೆಟ್ರೋಲು ಹರಿಯುವ ದಾರಿಯನ್ನು ತೊಳೆದಿದ್ದರು. ಬೇನೆ ಮಾತ್ರ ಇದ್ದಲ್ಲೇ ಇತ್ತು.

ಬೇನೆಯ ಮೂಲವನ್ನು ಹುಡುಕಿದವರು ನೆರೆಮನೆಯ ವೃದ್ಧರು. ಕಾರು ತಯಾರಿಸುವ ಕಾರ್ಖಾನೆಯೊಂದರಲ್ಲಿ ದುಡಿದು ವಿಶ್ರಾಂತರಾದವರು. ಅವರ ಮಾತನ್ನು ಗ್ರಹಿಸಬೇಕಾದರೆ ಯಂತ್ರದ ರಚನೆಯನ್ನು ಕೊಂಚ ತಿಳಿಯಬೇಕು.

ಕೈಯಿಂದ ಗೇರು ಹಾಕುವ ಕಾರಿನಲ್ಲಿ ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಕ್ಲಚ್ಚಿನ ತಟ್ಟೆ ಇರುತ್ತದೆ. ಗಾಡಿ ನಿಲ್ಲಿಸುವಾಗ ಕ್ಲಚ್ಚನ್ನು ಒತ್ತದೆ ಬ್ರೇಕನ್ನಷ್ಟೇ ಒತ್ತಿದರೆ ಎಂಜಿನ್ ನಡುಗಿ ಆರಿಹೋಗುತ್ತದೆ. ಕಾರು ಕಲಿಯುವವರೆಲ್ಲರೂ ಇದನ್ನು ಕಂಡಿದ್ದಾರೆ. ತಾನಾಗಿ ಗೇರು ಬದಲಿಸುವ ಈ ಬಗೆಯ ಕಾರಿನಲ್ಲಿ ಆ ತುಳಿಗೋಲು ಇಲ್ಲ. ಅದರ ಸ್ಥಾನದಲ್ಲಿ ದೊಡ್ಡದೊಂದು ಉದ್ದಿನವಡೆಯ ಆಕಾರದ, ಎಣ್ಣೆ ತುಂಬಿದ ಉಕ್ಕಿನ ಸಂಪುಟವಿದೆ. ಇದೇ ಟಾರ್ಕ್ ಕನ್ವರ್ಟರ್. ಎಂದರೆ ತಿರುಗಿಸುವ ಬಲವನ್ನು ಮಾರ್ಪಡಿಸುವ ಸಾಧನ. ಎರಡು ಮೇಜಿನ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿದರೆ ಅದರ ಗಾಳಿಗೆ ಎದುರಿನದೂ ತಿರುಗತೊಡಗುತ್ತದೆಯಲ್ಲವೆ? ಇಲ್ಲಿ ಗಾಳಿಗೆ ಬದಲು ಎಣ್ಣೆ. ಎಂಜಿನ್ನಿಗೆ ಸೇರಿದ ಚಕ್ರ ಎಣ್ಣೆಯನ್ನು ಎರಚುತ್ತದೆ. ಗೇರುಪೆಟ್ಟಿಗೆಗೆ ಸೇರಿದ ಚಕ್ರ ಆ ರಭಸಕ್ಕೆ ತಿರುಗುತ್ತದೆ. ಇವೆರಡರ ನಡುವೆ ಮೂರನೆಯ ಪುಟ್ಟ ಚಕ್ರವೊಂದಿದ್ದು, ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿದ್ದಿ ಮತ್ತೆ ಮೊದಲನೆಯದರ ನೆರವಿಗೆ ಕಳುಹಿಸುತ್ತದೆ. ಇದರ ದೆಸೆಯಿಂದ ಗಾಡಿ ಹೊರಡುವಾಗ ತಿರುಗಿಸುವ ಬಲ ಸುಮಾರು ಎರಡು ಪಟ್ಟಾಗುತ್ತದೆ. ಗಾಡಿ ನಿಂತಾಗಲೋ ಎಂಜಿನ್ ತನ್ನ ಪಾಡಿಗೆ ಎಣ್ಣೆಯನ್ನು ಕಲಕುತ್ತ ಇರುತ್ತದೆ, ಆರುವುದಿಲ್ಲ.

ಇದರ ಮೂಲ ಕಲ್ಪನೆ ಕಾರಿನದಲ್ಲ, ಹಡಗಿನದು. ಸ್ಟೆಟಿನ್ ನಗರದ ವುಲ್ಕಾನ್ ಹಡಗುಕಟ್ಟೆಯಲ್ಲಿದ್ದ ಜರ್ಮನ್ ಎಂಜಿನಿಯರ್ ಹೆರ್ಮಾನ್ ಫಾಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಅತಿ ವೇಗವಾಗಿ ತಿರುಗುವ ಉಗಿಯ ಟರ್ಬೈನನ್ನು ನಿಧಾನವಾಗಿ ತಿರುಗಬೇಕಾದ ಹಡಗಿನ ಹುಟ್ಟುಚಕ್ರಕ್ಕೆ ಹೊಂದಿಸುವುದು ಅವನ ಸಮಸ್ಯೆಯಾಗಿತ್ತು. ಅಮೆರಿಕದ ಬ್ಯೂಯಿಕ್ ಕಾರುಗಳಿಗೆ ಇದು ಬಂದದ್ದು 1948ರಲ್ಲಿ.

ಸುಖಕ್ಕೆ ತೆರಬೇಕಾದ ಬೆಲೆಯೂ ಇತ್ತು. ಎಣ್ಣೆಯ ಮೂಲಕ ತಿರುಗುವ ಚಕ್ರ ತಿರುಗಿಸುವ ಚಕ್ರಕ್ಕಿಂತ ಯಾವಾಗಲೂ ತುಸು ಹಿಂದೆಯೇ. ಸಮನಾದ ದಾರಿಯಲ್ಲಿ ಓಡುವಾಗಲೂ ಎಂಜಿನ್ನಿನ ನೂರು ಸುತ್ತಿಗೆ ಕೆಲವು ಸುತ್ತು ಜಾರಿಹೋಗುತ್ತವೆ. ಆ ಜಾರಿದ ಶಕ್ತಿ ಎಲ್ಲಿಗೂ ಹೋಗುವುದಿಲ್ಲ. ಎಣ್ಣೆಯಲ್ಲಿ ಬಿಸಿಯಾಗಿ ಸೇರುತ್ತದೆ. ಇದಕ್ಕೆ ಪರಿಹಾರವಾಗಿ 1949ರಲ್ಲಿಯೇ ಪ್ಯಾಕರ್ಡ್ ಕಾರಿನವರು ಸಂಪುಟದ ಒಳಗೊಂದು ಬೀಗವನ್ನಿಟ್ಟರು. ವೇಗ ಬಂದ ಮೇಲೆ ಎಣ್ಣೆಯ ಒತ್ತಡದಿಂದ ತಟ್ಟೆಯೊಂದು ಹೊರಕವಚಕ್ಕೆ ಒತ್ತಿಕೊಂಡು, ಎರಡು ಚಕ್ರಗಳೂ ಒಂದಾಗಿ ತಿರುಗುತ್ತವೆ, ಜಾರುವಿಕೆ ನಿಲ್ಲುತ್ತದೆ. ಪೆಟ್ರೋಲು ಅಗ್ಗವಾಗಿದ್ದ ಕಾಲದಲ್ಲಿ ಈ ಏರ್ಪಾಡು ಹೆಚ್ಚು ಹರಡಲಿಲ್ಲ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದವು. 1975ರಲ್ಲಿ ಅಮೆರಿಕದ ಸರ್ಕಾರ ಶಾಸನ ಮಾಡಿತು: ಪ್ರತಿಯೊಂದು ಕಂಪನಿಯ ಕಾರುಗಳೂ ಸರಾಸರಿಯಲ್ಲಿ ಗ್ಯಾಲನ್ನಿಗೆ 1978ರ ಹೊತ್ತಿಗೆ 18 ಮೈಲಿ, 1985ರ ಹೊತ್ತಿಗೆ 27.5 ಮೈಲಿ ಓಡಬೇಕು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಏಳೂವರೆ ಕಿಲೋಮೀಟರಿನಿಂದ ಹನ್ನೊಂದೂವರೆಯ ಮೇಲಕ್ಕೆ. ಮರೆತುಹೋಗಿದ್ದ ಬೀಗ ನೆನಪಿಗೆ ಬಂತು. 1978ರ ಮಾದರಿಗಳಲ್ಲಿ ಕ್ರೈಸ್ಲರ್ ಕಂಪನಿ ಅದನ್ನು ಅಳವಡಿಸಿತು, ಉಳಿದವರು ಹಿಂಬಾಲಿಸಿದರು.

ಮಗಳ ಕಾರಿನಲ್ಲಿ ಈ ಬೀಗದ ಕೀಲಿಕೈ ಸೊಲೆನಾಯ್ಡ್ ಎಂಬ ಪುಟ್ಟ ತಂತಿಯ ಸುರುಳಿ. ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಒಂದು ಕಿಂಡಿಯನ್ನು ಮುಚ್ಚುತ್ತದೆ, ಬೀಗ ಬೀಳುತ್ತದೆ. ಬ್ರೇಕು ತುಳಿದೊಡನೆ ವಿದ್ಯುತ್ತು ಕಡಿದು ಬೀಗ ಬಿಡಬೇಕು. ಹಳೆಯ ಸೊಲೆನಾಯ್ಡ್ ಬಿಸಿಯೇರಿದಾಗ ಅಂಟಿಕೊಂಡುಬಿಟ್ಟರೆ? ವಿದ್ಯುತ್ತು ಕಡಿದರೂ ಬೀಗ ಬಿಡದು. ಆಗ ಗಾಡಿ ನಿಲ್ಲುವುದೂ, ಕ್ಲಚ್ಚು ಒತ್ತದೆ ಬ್ರೇಕು ಹಾಕುವುದೂ ಒಂದೇ.

ವೃದ್ಧರು ಮೊದಲು ಮುಟ್ಟಿದ್ದು ಕಾರನ್ನಲ್ಲ. ಎರಡು ಪ್ರಶ್ನೆಗಳನ್ನು ಕೇಳಿದರು. "ಗಾಡಿ ತಣ್ಣಗಿರುವಾಗ ಹೀಗಾಗುತ್ತದೆಯೆ?" ಇಲ್ಲ. "ನಿಲ್ಲುವ ಮುನ್ನವೇ ಗೇರನ್ನು ನ್ಯೂಟ್ರಲ್‌ಗೆ ಸರಿಸಿದರೆ ಎಂಜಿನ್ ಉಳಿಯುತ್ತದೆಯೆ?" ಮರುದಿನ ನೋಡಿದೆವು, ಉಳಿಯಿತು. ಹಾಗಾದರೆ ದೋಷ ಎಂಜಿನ್ನಿನದಲ್ಲ, ಚಕ್ರಗಳ ಕಡೆಯಿಂದ ಯಾವುದೋ ಹಿಡಿ ಅದರ ಕೊರಳನ್ನು ಒತ್ತುತ್ತಿದೆ. ಅವರು ಗಾಡಿಯ ಕೆಳಗೆ ತೂರಿ, ಗೇರುಪೆಟ್ಟಿಗೆಯ ಪಕ್ಕದಲ್ಲಿದ್ದ ವಿದ್ಯುತ್ ಜೋಡಣೆಯೊಂದನ್ನು ಎಳೆದು ಬಿಡಿಸಿದರು. ವಿದ್ಯುತ್ತೇ ಇಲ್ಲದ ಮೇಲೆ ಸೊಲೆನಾಯ್ಡ್ ಎಳೆಯುವುದೂ ಇಲ್ಲ, ಅಂಟುವುದೂ ಇಲ್ಲ. ಗೇರುಗಳು ಎಣ್ಣೆಯ ಒತ್ತಡದಿಂದಲೇ ಬದಲಾಗುವ ಪೆಟ್ಟಿಗೆಯಾದ್ದರಿಂದ ಅವಕ್ಕೆ ಬಾಧಕವಾಗಲಿಲ್ಲ. ಅಂದಿನಿಂದ ಕಾರು ಯಾವ ಕೆಂಪು ದೀಪದ ಮುಂದೆಯೂ ಆರಲಿಲ್ಲ.

"ಬೇನೆ ಎಲ್ಲಿದೆ ಎಂಬುದು ಗೊತ್ತಾಯಿತು. ಇನ್ನು ಸೊಲೆನಾಯ್ಡನ್ನು ಬದಲಿಸಿಬಿಡಿ" ಎಂದರು ಅವರು. ನಾನು ಮಗಳಿಗೆ ಕನ್ನಡದಲ್ಲಿ, "ಈಗ ಸರಿಯಾಗಿಯೇ ಓಡುತ್ತಿದೆಯಲ್ಲ, ಮತ್ತೇಕೆ ಖರ್ಚು? ಹೀಗೇ ಇರಲಿ" ಎಂದೆ. ಕೇಳುಗರೆ, ನಾನು ಹೇಳಬೇಕೆಂದ ತಪ್ಪು ಇದೇ.

ಐದು ವಾರ ಹಾಗೆಯೇ ಓಡಿತು. ಪೆಟ್ರೋಲು ಸ್ವಲ್ಪ ಹೆಚ್ಚು ಬೇಕಾಯಿತು. ಅದನ್ನು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ. ಆಗಸ್ಟಿನಲ್ಲಿ ಮಗಳಿಗೆ ನಾರ್ತ್ ಕ್ಯಾರೊಲಿನಾದಲ್ಲಿ ಕೆಲವು ತಿಂಗಳ ಕೆಲಸ ದೊರೆಯಿತು. ಸಾಮಾನನ್ನೆಲ್ಲ ಕಾರಿಗೆ ತುಂಬಿಕೊಂಡು ಪಶ್ಚಿಮ ವರ್ಜೀನಿಯದ ಅಪಲೇಷಿಯನ್ ಬೆಟ್ಟಗಳನ್ನು ದಾಟಿ ಅವಳೊಬ್ಬಳೇ ಹೋಗಬೇಕಾಗಿತ್ತು. ಸುದ್ದಿ ಕೇಳಿದ ವೃದ್ಧರು, "ಆ ಜೋಡಣೆ ಇನ್ನೂ ಬಿಡಿಸಿದಂತೆಯೇ ಇದೆಯೆ?" ಎಂದು ಕೇಳಿ, ಮಾತನಾಡದೆ ಬಂದು ಗೇರೆಣ್ಣೆಯ ಅಳತೆಕಡ್ಡಿಯನ್ನು ಹೊರಗೆಳೆದು ಬಿಳಿಯ ಕಾಗದದ ಮೇಲೆ ಒಂದು ತೊಟ್ಟನ್ನು ಬೀಳಿಸಿದರು. ಕುಂಕುಮದ ನೀರಿನಂತೆ ಕೆಂಪಗಿರಬೇಕಾದ ಎಣ್ಣೆ ಕಾಫಿಯ ಬಣ್ಣಕ್ಕೆ ತಿರುಗಿತ್ತು; ಮೂಗಿಗೆ ಹಿಡಿದರೆ ಸೀದ ವಾಸನೆ.

ಅವರು ವಿವರಿಸಿದ್ದು ಇಷ್ಟು: ನಾಲ್ಕನೆಯ ಗೇರು ಎಂಜಿನ್ನಿಗೆ ವಿರಾಮ ಕೊಡಲೆಂದು ಮಾಡಿದ್ದು, ಅದರಲ್ಲಿ ಎಂಜಿನ್ ನಿಧಾನವಾಗಿ ತಿರುಗುತ್ತದೆ, ಎಳೆತದ ಹೊರೆ ಹೆಚ್ಚು. ಬೀಗ ಇರುತ್ತದೆಂಬ ನಂಬಿಕೆಯ ಮೇಲೆಯೇ ಆ ಗೇರಿನ ಲೆಕ್ಕಾಚಾರ. ಬೀಗವಿಲ್ಲದೆ ಭಾರ ಹೊತ್ತು ಏರು ಹತ್ತಿದರೆ ಜಾರುವಿಕೆ ಹೆಚ್ಚಿ ಎಣ್ಣೆ ಕಾಯುತ್ತದೆ. ಕಾದ ಎಣ್ಣೆ ಬೇಗ ಮುಪ್ಪಾಗುತ್ತದೆ. ಮುಪ್ಪಾದ ಎಣ್ಣೆಯಲ್ಲಿ ಗೇರುಪೆಟ್ಟಿಗೆಯ ಕ್ಲಚ್ಚುಗಳು ಸುಡುತ್ತವೆ. ಊರೊಳಗೆ ನಾಲ್ಕು ದಿನ ತಿರುಗಲು ಅಡ್ಡಿಯಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ನಾಲ್ಕನೆಯ ಗೇರಿಗೆ ಹೋಗಗೊಡದೆ ಮೂರರಲ್ಲೇ ನಿಧಾನವಾಗಿ ಹೋಗಬಹುದು. "ಆದರೆ ಪ್ರೊಫೆಸರ್, ನಿಮ್ಮ ಮಗಳನ್ನು ಆ ಬೆಟ್ಟದಲ್ಲಿ ಒಂಟಿಯಾಗಿ ನಿಲ್ಲಿಸುವುದಕ್ಕಿಂತ ಸೊಲೆನಾಯ್ಡು ಅಗ್ಗ" ಎಂದರು.

ಹಳೆಯ ಪುಸ್ತಕಗಳನ್ನು ಕೊಳ್ಳಲು ತೆಗೆದಿರಿಸಿದ್ದ ಡಾಲರುಗಳನ್ನು ಮಗಳ ಕೈಗಿತ್ತೆ. ಕಾರ್ಯಾಗಾರದಲ್ಲಿ ಪೆಟ್ಟಿಗೆಯ ತಳದ ತಟ್ಟೆಯನ್ನು ಬಿಚ್ಚಿ, ಎಣ್ಣೆ ಬಸಿದು, ಸೋಸಣಿಗೆಯನ್ನೂ ಸೊಲೆನಾಯ್ಡನ್ನೂ ಬದಲಿಸಿದರು. ತಳದಲ್ಲಿ ನುಣ್ಣನೆಯ ಕಪ್ಪು ಹುಡಿಯಿತ್ತು, ಲೋಹದ ಚೂರುಗಳಿರಲಿಲ್ಲ. ಅದು ಅದೃಷ್ಟದ ಗುರುತೆಂದರು. ಜೋಡಣೆಯನ್ನು ಮತ್ತೆ ಸಿಕ್ಕಿಸಿ ಹೆದ್ದಾರಿಗೆ ಹೋದೆವು. ವೇಗ ನೆಲೆಗೊಂಡ ಮೇಲೆ ಎಂಜಿನ್ನಿನ ಸುತ್ತನ್ನು ತೋರಿಸುವ ಮುಳ್ಳು ತಾನಾಗಿ ತುಸು ಕೆಳಗಿಳಿಯಿತು: ಬೀಗ ಬಿದ್ದಿತು. ಮಗಳು ಬ್ರೇಕನ್ನು ಹಗುರವಾಗಿ ಮುಟ್ಟಿದೊಡನೆ ಮೇಲೇರಿತು: ಬೀಗ ಬಿಟ್ಟಿತು. ಇಷ್ಟು ಸಣ್ಣ ಚಲನೆಯನ್ನು ಇಷ್ಟು ಆಸಕ್ತಿಯಿಂದ ನಾನು ಎಂದೂ ನೋಡಿರಲಿಲ್ಲ.

ಇಂದು ನಮ್ಮ ಬೆಂಗಳೂರು, ಮೈಸೂರುಗಳಲ್ಲಿಯೂ ತಾನಾಗಿ ಗೇರು ಬದಲಿಸುವ ಕಾರುಗಳು ಸಾಕಷ್ಟಿವೆ. ಅವುಗಳಲ್ಲಿ ಹಲವು ಬೇರೆ ಬೇರೆ ತತ್ತ್ವದವು. ಟಾರ್ಕ್ ಕನ್ವರ್ಟರ್ ಇರುವ ಹೊಸ ಕಾರುಗಳಲ್ಲಿ ಈ ಬೀಗವನ್ನು ಕಂಪ್ಯೂಟರೇ ಕ್ಷಣಕ್ಷಣಕ್ಕೂ ಅಳೆದು ಹಿಡಿಯುತ್ತದೆ, ಬಿಡುತ್ತದೆ. ಅಲ್ಲಿ ತಂತಿ ಬಿಡಿಸುವ ಪ್ರಯೋಗಕ್ಕೆ ಎಡೆಯಿಲ್ಲ. ನಾನು ಹೇಳಿದ್ದು ಹಳೆಯ ಕಾರಿನ ಕಥೆ.

ವ್ಯಾಕರಣದ ಮೇಷ್ಟರಿಗೆ ತಮ್ಮ ಶಾಸ್ತ್ರದ ಮಾತಿನಲ್ಲಿ ಹೇಳಿದರಲ್ಲದೆ ತೃಪ್ತಿಯಾಗದು. ಎರಡು ಪದಗಳು ಕೂಡಿ ಒಂದಾದರೆ ಸಂಧಿ. ಕೂಡದೆ ತಮ್ಮ ತಮ್ಮ ರೂಪದಲ್ಲಿಯೇ ನಿಂತರೆ ಪ್ರಕೃತಿಭಾವ. ಭಾಷೆಗೆ ಎರಡೂ ಬೇಕು, ತಕ್ಕ ಎಡೆಯಲ್ಲಿ ಬೇಕು. ಆ ಕಾರು ಪ್ರಕೃತಿಭಾವ ಇರಬೇಕಾದಲ್ಲಿ ಸಂಧಿ ಮಾಡುತ್ತಿತ್ತು. ನಾನೋ ಸಂಧಿಯನ್ನೇ ನಿಷೇಧಿಸಿ ಭಾಷೆಯನ್ನು ತಿದ್ದಿದೆನೆಂದುಕೊಂಡೆ. ಬೀಗವನ್ನು ಬಿಡಿಸಿ ನೋಡಿದ್ದು ಒಳ್ಳೆಯ ಪ್ರಶ್ನೆ. ಅದನ್ನೇ ಉತ್ತರವೆಂದು ನಾನು ಬರೆದುಕೊಂಡಿದ್ದೆ.

ಮಗಳು ಬೆಟ್ಟ ದಾಟಿ ಸುಖವಾಗಿ ಊರು ಸೇರಿದಳು. ಆ ರಾತ್ರಿ ಫೋನಿನಲ್ಲಿ ಅವಳು ಮೊದಲು ಹೇಳಿದ ಮಾತು, "ಅಪ್ಪ, ಎಣ್ಣೆ ನೋಡಿದೆ, ಕೆಂಪಗಿದೆ" ಎಂದು. ಅದಾದ ಮೇಲೆ ಯಾವ ತೊಂದರೆಯನ್ನೂ ಅವಳು ನಾಲ್ಕು ತಿಂಗಳು ಮುಚ್ಚಿಟ್ಟದ್ದಿಲ್ಲ.