ಹತ್ತಿರದ ಮನೆ, ಘಟ್ಟದ ಹಾದಿ

ಮನೆಗೂ ಉದ್ಯೋಗಕ್ಕೂ ನಡುವಣ ದೂರವನ್ನು ಮಲೆನಾಡಿನವರು ಮೈಲಿಗಲ್ಲನ್ನು ನೋಡಿ ಅಳೆಯುವುದಿಲ್ಲ. ನಡುವೆ ಹೊಳೆಯುಂಟೆ, ಘಟ್ಟವುಂಟೆ, ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದೇ ಅವರ ಲೆಕ್ಕ.

ಈ ಲೆಕ್ಕದಲ್ಲಿ ವರದಹಳ್ಳಿ ಭಾಗ್ಯವಂತ ಗ್ರಾಮ. ಇಲ್ಲಿ ನೆಲಸಿ 1973ರಲ್ಲಿ ಸಮಾಧಿಸ್ಥರಾದ ಶ್ರೀಧರ ಸ್ವಾಮಿಗಳ ಆಶ್ರಮದಿಂದ ಊರಿನ ಹೆಸರು ನಾಡಿಗೆಲ್ಲ ಪರಿಚಿತ. ಸಾಗರಕ್ಕೆ ಸುಮಾರು 8 ಕಿಲೋಮೀಟರು. ದೋಣಿ ಹತ್ತಿ ದಾಟಬೇಕಾದ ಹೊಳೆಯಿಲ್ಲ. ಸಾಗರದ ಕಚೇರಿಗೋ ಶಾಲೆಗೋ ವರ್ಗವಾಗಿ ಬಂದವನು ಈ ಕಡೆ ಬಾಡಿಗೆಮನೆ ಹಿಡಿದರೆ, ಮಿಂದು ಉಂಡು ನಿಧಾನವಾಗಿ ಹೊರಟರೂ ಹೊತ್ತಿಗೆ ಸರಿಯಾಗಿ ಕೆಲಸದಲ್ಲಿರಬಲ್ಲನು. ದೀಪ ಹಚ್ಚುವ ವೇಳೆಗೆ ಮರಳಿ ಮನೆ ಸೇರಬಲ್ಲನು. ವಾರವೆಲ್ಲ ಬಸ್ಸಿನಲ್ಲಿ ಸವೆಯದ ಮೈ, ಭಾನುವಾರ ತಾನಾಗಿಯೇ ಹೊಸ ದಾರಿಯೊಂದನ್ನು ಅರಸುತ್ತದೆ.

ಅಂತಹ ದಾರಿಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ತೀರ್ಥಹಳ್ಳಿಯ ಮೇಲೆ ಹೋದರೆ ಆಗುಂಬೆ; 14 ಕಡಿದಾದ ತಿರುವುಗಳಲ್ಲಿ ಇಳಿದು ಸೋಮೇಶ್ವರವನ್ನು ಮುಟ್ಟುವ ಹಾದಿ. ಹೊಸನಗರದಿಂದ ನಗರ, ಮಾಸ್ತಿಕಟ್ಟೆಗಳನ್ನು ದಾಟಿದರೆ ಹುಲಿಕಲ್ ಘಾಟಿ. ಕೊಡಚಾದ್ರಿಯ 1,343 ಮೀಟರ್ ಎತ್ತರದ ಶಿಖರವನ್ನು ನೆರೆಯಲ್ಲಿಟ್ಟುಕೊಂಡು ಕೊಲ್ಲೂರಿಗೆ ಇಳಿಯುವುದು ನಾಗೋಡಿ ಘಾಟಿ. ಈ ದಾರಿಗಳು ಚೆಲುವನ್ನು ತೋರುವಂತೆಯೇ ಶಿಸ್ತನ್ನೂ ಬೇಡುತ್ತವೆ. ಹತ್ತುವ ಗೇರಿನಲ್ಲೇ ಇಳಿಯಬೇಕು. ಬ್ರೇಕೊಂದನ್ನೇ ನಂಬಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಏರಿ ಬರುವ ವಾಹನಕ್ಕೆ ಮೊದಲು ದಾರಿ ಬಿಡಬೇಕು. ಆಷಾಢದ ಮಂಜಿನಲ್ಲಿ ಹತ್ತು ಮಾರು ಮುಂದಿನ ತಿರುವೂ ಕಾಣದಿರುವಾಗ, ಆತುರಕ್ಕಿಂತ ದೊಡ್ಡ ಶತ್ರು ಬೇರೆಯಿಲ್ಲ.

ಆದರೆ ಸಾಗರದಿಂದ ಪಶ್ಚಿಮಕ್ಕೆ, ಸಿಗಂದೂರಿನತ್ತ ಹೊರಟವನಿಗೆ ಬೇರೊಂದು ಕಥೆ ಎದುರಾಗುತ್ತದೆ. ಅಂಬಾರಗೊಡ್ಲಿನಲ್ಲಿ ಕಣ್ಣು ಹಾಯುವವರೆಗೂ ನೀರು. ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಅಡ್ಡ ನಿಂತಿತು. ಸಮುದ್ರಮಟ್ಟದಿಂದ 1,819 ಅಡಿಯವರೆಗೆ ನೀರು ನಿಲ್ಲುವಂತಾಯಿತು. ನಾಡಿಗೆ ಬೆಳಕು ಬಂದಿತು. ಕಣಿವೆಯ ಗದ್ದೆ, ತೋಟ, ಮನೆಗಳು ಮುಳುಗಿದವು. ಕೆಲಸಕ್ಕೆ ಹತ್ತಿರವಾಗಲೆಂದು ಮನೆ ಬದಲಿಸುವವನು ತನ್ನಿಚ್ಛೆಯಿಂದ ಬದಲಿಸುತ್ತಾನೆ. ಆ ಕಣಿವೆಯವರಿಗೆ ಆ ಆಯ್ಕೆಯಿರಲಿಲ್ಲ. ಸಂಸಾರದ ಪಾತ್ರೆಪಗಡಗಳನ್ನು ಲಾರಿಗೇರಿಸಿ ಕಾಡುಭೂಮಿಯಲ್ಲಿ ಇಳಿದವರ ಮಕ್ಕಳು, ಮೊಮ್ಮಕ್ಕಳಲ್ಲಿ ಅನೇಕರು ತಾವು ಉಳುವ ನೆಲದ ಹಕ್ಕುಪತ್ರಕ್ಕಾಗಿ ಇಂದಿಗೂ ಕಾಯುತ್ತಿದ್ದಾರೆ.

ನೀರಿನ ಆಚೆಗೇ ಉಳಿದವರ ಪಾಡೂ ಸುಲಭವಾಗಿರಲಿಲ್ಲ. ತುಮರಿಯ ಸುತ್ತಲಿನ ಜನಕ್ಕೆ ಸಾಗರವೇ ತಾಲ್ಲೂಕು ಕೇಂದ್ರ. ಅಲ್ಲಿಗೆ ನೇರ ದಾರಿಯೆಂದರೆ ಲಾಂಚು. ಸಂಜೆಯ ಕಡೆಯ ಲಾಂಚು ತಪ್ಪಿದರೆ ಬಳಸುದಾರಿಯೇ ಗತಿ. ಬೇಸಗೆಯಲ್ಲಿ ನೀರಿಳಿದರೆ ಲಾಂಚಿಗೆ ವಾಹನಗಳನ್ನು ಹತ್ತಿಸುತ್ತಿರಲಿಲ್ಲ. ಕಾಲೇಜಿನ ಹುಡುಗಿಯೂ, ಆಸ್ಪತ್ರೆಗೆ ಹೊರಟ ಬಸುರಿಯೂ ಅದೇ ದಡದಲ್ಲಿ ಕಾಯಬೇಕಾಗಿತ್ತು. ಇಂತಹ ಕಡೆ ಕೆಲಸದ ಹತ್ತಿರ ಮನೆ ಮಾಡುವುದು ಸುಖದ ಮಾತಲ್ಲ, ನಿರ್ವಾಹದ ಮಾತು. ದಿನವೂ ನೀರು ದಾಟಲಾರದವನು ದುಡಿಮೆಯ ದಡದಲ್ಲಿ ಒಬ್ಬಂಟಿಯಾಗಿ ಕೋಣೆ ಹಿಡಿದು, ವಾರಕ್ಕೊಮ್ಮೆ ಹೆಂಡತಿಮಕ್ಕಳ ಮುಖ ನೋಡಬೇಕಿತ್ತು.

2025ರ ಜುಲೈ 14ರಂದು ಅಂಬಾರಗೊಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಕಬ್ಬಿಣದ ಹಗ್ಗಗಳ ಆಧಾರದಿಂದ ನಿಂತ ಈ ಸೇತುವೆಯ ಉದ್ದ ಎರಡು ಕಿಲೋಮೀಟರಿಗೂ ಮಿಗಿಲು. ಲಾಂಚಿಗಾಗಿ ಗಂಟೆಗಟ್ಟಲೆ ಕಾದು ಸಾಗುತ್ತಿದ್ದ ದಾರಿ ಈಗ ಕೆಲವೇ ನಿಮಿಷಗಳದು. ಮನೆಯನ್ನು ಕಿತ್ತು ಕೆಲಸದ ಬಳಿಗೆ ಒಯ್ಯಬೇಕಾಗಿದ್ದವರ ಬಳಿಗೆ, ಆರು ದಶಕಗಳ ತರುವಾಯ, ರಸ್ತೆಯೇ ನಡೆದು ಬಂದಂತಾಯಿತು.

ಭಾನುವಾರ ಘಟ್ಟದ ಸೊಬಗನ್ನರಸಿ ಹೊರಟವನು ಈ ಸೇತುವೆಯನ್ನೂ ದಾಟುತ್ತಾನೆ. ತಿಳಿನೀರು, ನಡುಗಡ್ಡೆಗಳು, ದೂರದ ನೀಲಿಬೆಟ್ಟಗಳು ಅವನ ಮನಸ್ಸನ್ನು ಸೆರೆಹಿಡಿಯುತ್ತವೆ, ಹಿಡಿಯಲಿ. ಆದರೆ ತನಗೆ ವಿಹಾರವಾದ ಈ ದಾರಿ ಇನ್ನೊಬ್ಬರಿಗೆ ನಿತ್ಯದ ಅನ್ನದ ದಾರಿಯೆಂದೂ, ಕೆಳಗಿನ ನೀರಿನಲ್ಲಿ ಯಾರದೋ ಅಂಗಳವಿದೆಯೆಂದೂ ಅವನು ನೆನೆದರೆ, ವಾಹನದ ವೇಗ ತುಸು ತಗ್ಗೀತು. ಎದುರಿಗೆ ಬರುವ ಊರಿನ ಬಸ್ಸಿಗೆ ದಾರಿ ಬಿಡುವ ಸೌಜನ್ಯವೂ ಮೂಡೀತು.