ಘಟ್ಟದ ಕೆಳಗೊಂದು ಬೆಂಚು

ಮಡಿಕೇರಿಯಿಂದ ಹೊರಟು ಸಂಪಾಜೆಯ ಘಟ್ಟವನ್ನು ಇಳಿದ ಪ್ರಯಾಣಿಕನಿಗೆ ಎರಡು ಸಂಗತಿಗಳು ಒಟ್ಟಿಗೇ ಅರಿವಿಗೆ ಬರುತ್ತವೆ: ಒಂದು ಸೆಕೆ, ಇನ್ನೊಂದು ಹಸಿವು. ಅಲ್ಲಿಯವರೆಗೆ ತಿರುವು ತಿರುವಿನಲ್ಲಿಯೂ ಹೊಟ್ಟೆಯನ್ನು ಕಲಕಿದ ರಸ್ತೆ ಈಗ ಸಾಧುವಾಗಿ ಪಯಸ್ವಿನಿಯ ಜೊತೆಗೂಡಿ ಸುಳ್ಯದತ್ತ ಸಾಗುತ್ತದೆ. ಎರಡು ಕಡೆಯೂ ಅಡಿಕೆಯ ತೋಟ, ರಬ್ಬರಿನ ತೋಪು. ಅವುಗಳ ನಡುವೆ ಹೆಂಚಿನ ಮಾಡಿನ ಒಂದು ಸಣ್ಣ ಕಟ್ಟಡ, ಮುಂದೆ ತೂಗುವ ಬಾಳೆಗೊನೆ, ಗಲ್ಲಾದ ಪಕ್ಕದಲ್ಲಿ ಗಾಜಿನ ಕಪಾಟು, ಒಳಗೆ ನಾಲ್ಕೈದು ಮೇಜು ಬೆಂಚುಗಳು. ಈ ಸೀಮೆಯವರು ‘ಹೊಟೇಲು’ ಎಂದರೆ ಇದೇ. ಇಲ್ಲಿ ಮಲಗಲು ಕೋಣೆಯಿಲ್ಲ. ಕುಳಿತುಕೊಳ್ಳಲು ಜಾಗ ಸಿಕ್ಕರೆ ಅದೇ ಭಾಗ್ಯ.

“ತಿನ್ಲಿಕ್ಕೆ ಎಂತ ಉಂಟು?” ಎಂದು ಊರಿನವರಂತೆಯೇ ಕೇಳಿ ನೋಡಿದೆ. “ಬನ್ಸ್ ಉಂಟು, ನೀರುದೋಸೆ ಉಂಟು. ಗೋಳಿಬಜೆ ಈಗ ಆಗ್ತಾ ಉಂಟು, ಸ್ವಲ್ಪ ಕೂತ್ಕೊಳ್ಳಿ” ಎಂಬ ಉತ್ತರ ಬಂದಿತು. ಪಟ್ಟಿಯಿಲ್ಲ, ಫಲಕವಿಲ್ಲ. ಅಡುಗೆಮನೆಯಲ್ಲಿ ಏನಿದೆಯೋ ಅದೇ ಅಂದಿನ ಪಟ್ಟಿ.

ನಮ್ಮ ಬೆಂಗಳೂರಿನಲ್ಲಿ ‘ಮಂಗಳೂರು ಬಜ್ಜಿ’ ಎಂಬ ಹೆಸರಿನಲ್ಲಿ ತಣ್ಣಗೆ ಕುಳಿತಿರುವ ಪದಾರ್ಥದ ನಿಜವಾದ ರೂಪವನ್ನು ತಿಳಿಯಬೇಕಾದರೆ ಗೋಳಿಬಜೆಯನ್ನು ಬಾಣಲೆಯ ಪಕ್ಕದಲ್ಲಿಯೇ ತಿನ್ನಬೇಕು. ಮೈದಾಹಿಟ್ಟಿಗೆ ಹುಳಿಮಜ್ಜಿಗೆ, ಹಸಿಮೆಣಸು, ಶುಂಠಿ, ಕರಿಬೇವು, ತೆಂಗಿನಕಾಯಿಯ ಚೂರು ಸೇರಿಸಿ ನೆನೆಯಲು ಬಿಡುತ್ತಾರೆ. ಎಣ್ಣೆಗೆ ಬಿದ್ದ ಹಿಟ್ಟು ಉಬ್ಬಿ ಹೊರಗೆ ಗರಿಗರಿ, ಒಳಗೆ ಹತ್ತಿಯಾಗುತ್ತದೆ. ಬನ್ಸಿನ ಕಥೆ ಮಿತವ್ಯಯದ ಕಥೆ. ಹೆಚ್ಚು ಹಣ್ಣಾದ ಬಾಳೆಹಣ್ಣನ್ನು ಕಿವುಚಿ, ಮೊಸರು, ಸಕ್ಕರೆ, ಜೀರಿಗೆಯೊಡನೆ ಮೈದಾದಲ್ಲಿ ಕಲಸಿ, ರಾತ್ರಿಯಿಡೀ ಇಟ್ಟು, ಬೆಳಗ್ಗೆ ಲಟ್ಟಿಸಿ ಕರಿದರೆ ಆಯಿತು. ನೀರುದೋಸೆಗೆ ಹುದುಗಿನ ಹಂಗಿಲ್ಲ. ಅಕ್ಕಿಯನ್ನು ನೆನೆಸಿ ರುಬ್ಬಿ, ನೀರಿನಂತೆ ತೆಳುಮಾಡಿ ಕಾವಲಿಗೆ ಎರಚುವುದಷ್ಟೇ. ಮಳೆಗಾಲದಲ್ಲಿ ಬಂದವರಿಗೆ ಕೆಸುವಿನ ಎಲೆಯ ಪತ್ರೊಡೆ ಸಿಕ್ಕರೂ ಸಿಕ್ಕೀತು.

ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಘಟ್ಟದ ಮೇಲೆ ಕೊಡಗಿನಲ್ಲಿ ಕಾಫಿಯ ತೋಟಗಳು. ಘಟ್ಟ ಇಳಿದೊಡನೆ ಬಾಯಲ್ಲೆಲ್ಲ ಚಹದ ಮಾತು. ಬೆಳಗಿನ ಉಪಾಹಾರಕ್ಕೂ ಇಲ್ಲಿ ‘ಚಾ’ ಎಂದೇ ಹೆಸರು. ಪರಿಚಿತರು ಎದುರಾದರೆ ಕ್ಷೇಮಸಮಾಚಾರಕ್ಕಿಂತ ಮೊದಲು ಬರುವ ತುಳುವಿನ ಪ್ರಶ್ನೆ, “ಚಾ ಆಂಡಾ?” ಚಹ ಆಯಿತೇ ಎಂದು ಇದರರ್ಥ. ಕಿವಿಗೊಟ್ಟು ಕುಳಿತರೆ ತುಳುವಿನ ಜೊತೆಗೆ ಸುಳ್ಯದ ಗೌಡರ ಅರೆಭಾಷೆ, ಹವ್ಯಕರ ಕನ್ನಡ, ಬ್ಯಾರಿ, ಕೊಂಕಣಿ, ಮಲೆಯಾಳ ಎಲ್ಲವೂ ಒಂದೇ ಮಾಡಿನ ಕೆಳಗೆ ಕೇಳಿಬರುತ್ತವೆ.

ನಾವು ತಿನ್ನಲು ತೊಡಗಿದಾಗ ಬೆಂಚುಗಳೆಲ್ಲ ತುಂಬಿದ್ದವು. ನಡುವಯಸ್ಸಿನ ಕೂಲಿಯೊಬ್ಬ ಒಳಗೆ ಬಂದು, ನಮ್ಮ ಮೇಜಿನ ಬಳಿ ನಿಂತು, “ಇಲ್ಲಿ ಕೂತ್ಕೊಳ್ಬಹುದಾ?” ಎಂದು ಕೇಳಿದ. ಅವನ ಅಂಗಿಯ ಮೇಲೆ ರಬ್ಬರ್ ಹಾಲಿನ ಕಲೆಗಳಿದ್ದವು. ಅದರ ಹುಳಿವಾಸನೆಯೂ ಇತ್ತು. ಸತ್ಯವನ್ನೇ ಹೇಳುತ್ತೇನೆ: ನಾನು ಒಂದು ಕ್ಷಣ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ನನ್ನ ಎಂಟು ವರ್ಷದ ಮಗಳು ಪಕ್ಕಕ್ಕೆ ಸರಿದು, “ಬನ್ನಿ ಮಾಮಾ” ಎಂದಳು. ಅವನು ಕುಳಿತ. ಒಂದು ಚಹ, ಎರಡು ಬನ್ಸ್ ಹೇಳಿದ.

ಆ ಒಂದು ಕ್ಷಣದ ಮೌನ ನನ್ನದು ಮಾತ್ರವಲ್ಲ. ಅದಕ್ಕೆ ದೀರ್ಘವಾದ ವಂಶಾವಳಿಯಿದೆ. ನನ್ನ ಅಜ್ಜಿ ಪ್ರಯಾಣಕ್ಕೆ ಹೊರಟರೆ ಅವಲಕ್ಕಿಯ ಗಂಟನ್ನು ಕಟ್ಟಿಕೊಳ್ಳುತ್ತಿದ್ದರೇ ಹೊರತು ಹೊಟೇಲಿನ ನೀರನ್ನೂ ಮುಟ್ಟುತ್ತಿರಲಿಲ್ಲ. ಹಿಂದಿನ ಹೊಟೇಲುಗಳಲ್ಲಿ ಬ್ರಾಹ್ಮಣರಿಗೆ ಒಳಗಿನ ಕೋಣೆ, ಇತರರಿಗೆ ಹೊರಗಿನ ಬೆಂಚು ಎಂಬ ಏರ್ಪಾಡಿತ್ತು. ದಲಿತರಿಗೆ ಬೆಂಚೂ ಇರಲಿಲ್ಲ; ಅಂಗಳದಲ್ಲಿ ನಿಂತವರಿಗೆ ತೆಂಗಿನ ಚಿಪ್ಪಿನಲ್ಲಿ ಮೇಲಿಂದ ಚಹ ಹೊಯ್ದುದನ್ನು ನೆನೆಯುವ ಹಿರಿಯರು ಕರಾವಳಿಯಲ್ಲಿ ಇಂದಿಗೂ ಇದ್ದಾರೆ.

ಇದೇ ರಸ್ತೆಯಲ್ಲಿ 1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಪ್ರವಾಸದ ಸಲುವಾಗಿ ಕೊಡಗಿನಿಂದ ಇಳಿದು ಸುಳ್ಯ, ಪುತ್ತೂರುಗಳ ಮೂಲಕ ಮಂಗಳೂರಿಗೆ ಹೋದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ವಿಧಿ, ಅಂಗಡಿ ಹೊಟೇಲುಗಳಿಗೆ ಹೋಗಲು ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದೆಂದು ಸಾರಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊಟೇಲಿನಲ್ಲಿಟ್ಟ ಪಾತ್ರೆಗಳ ಬಳಕೆಯನ್ನು ನಿರಾಕರಿಸುವುದನ್ನೂ ಶಿಕ್ಷಾರ್ಹ ಅಪರಾಧವೆಂದಿತು. ಒಂದು ದೇಶದ ಶಾಸನಸಭೆ ಚಹದ ಲೋಟದ ಬಗ್ಗೆ ಕಾನೂನು ಮಾಡಬೇಕಾಗಿ ಬಂದಿತೆಂದರೆ, ಆ ಲೋಟ ಎಷ್ಟು ಭಾರವಾಗಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ನಮ್ಮ ಮೇಜಿನ ಅತಿಥಿ ಚಹವನ್ನು ಆರಿಸಿ ಕುಡಿಯುತ್ತ ಮಾತಿಗೆ ತೊಡಗಿದ. ಅವನ ಕನ್ನಡದಲ್ಲಿ ತಮಿಳಿನ ಎಳೆಯಿತ್ತು. ತಾಯಿತಂದೆಗಳು ಸಿಂಹಳದ ಚಹ ತೋಟದಲ್ಲಿ ಎಲೆ ಕೊಯ್ಯುತ್ತಿದ್ದರಂತೆ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆಯವರ ನಡುವೆ ಆದ ಒಪ್ಪಂದದ ಫಲವಾಗಿ ಭಾರತಕ್ಕೆ ಮರಳಿದ ಅನೇಕ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರುಗಳ ಸರಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ದೊರೆಯಿತು. ಚಹದ ಎಲೆ ಕಿತ್ತವರ ಮಕ್ಕಳು ರಬ್ಬರ್ ಮರದ ತೊಗಟೆ ಕೆತ್ತುವವರಾದರು. “ಅಲ್ಲಿ ಅಷ್ಟು ಎಲೆ ಕೊಯ್ದರೂ ಅಮ್ಮನಿಗೆ ಒಳ್ಳೆಯ ಚಾ ಸಿಕ್ಕಿರಲಿಲ್ಲ, ಇಲ್ಲಿ ಸಿಕ್ಕಿತು” ಎಂದು ಅವನು ನಕ್ಕ. ನಾನು ನಗಲಾರದೆ ಹೋದೆ. ಎದ್ದು ಹೋಗುವಾಗ ನನ್ನ ಮಗಳ ತಟ್ಟೆಯನ್ನು ನೋಡಿ, “ಇನ್ನೊಂದು ಬಜೆ ತಿನ್ನು ಮಗಾ, ತಣಿದರೆ ರುಚಿಯಿಲ್ಲ” ಎಂದ.

ಅಲ್ಲಿಂದ ಸುಳ್ಯವನ್ನು ದಾಟಿ ಪುತ್ತೂರಿಗೆ ಬಂದೆವು. ಮಹಾಲಿಂಗೇಶ್ವರನ ದರ್ಶನವಾಯಿತು, ಶಿವರಾಮ ಕಾರಂತರು ಬಾಳಿದ ಬಾಲವನವನ್ನು ನೋಡಿದ್ದಾಯಿತು. 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿದ ಕ್ಯಾಂಪ್ಕೊ ಸಂಸ್ಥೆ 1986ರಲ್ಲಿ ಇಲ್ಲಿ ತೆರೆದ ಚಾಕೊಲೇಟ್ ಕಾರ್ಖಾನೆಯ ವಿಷಯ ತಿಳಿದು ಮಗಳ ಉತ್ಸಾಹ ಇಮ್ಮಡಿಸಿತು. ಮರುದಿನ ಕಡಬದ ಮಾರ್ಗವಾಗಿ ಸುಬ್ರಹ್ಮಣ್ಯಕ್ಕೆ ಹೋದಾಗಲೂ ದಾರಿಯುದ್ದಕ್ಕೂ ಅಂಥವೇ ಹೊಟೇಲುಗಳು, ಅದೇ ಬೆಂಚು, ಅದೇ ಬಿಸಿಯಾದ ಕುಚ್ಚಲಕ್ಕಿ ಗಂಜಿ, ಚಟ್ನಿ, ಮಾವಿನ ಮಿಡಿಯ ಉಪ್ಪಿನಕಾಯಿ.

ಆದರೆ ಹೆದ್ದಾರಿಯ ಬದಿಯಲ್ಲಿ ಈಗ ಬೇರೊಂದು ಬಗೆಯ ಕಟ್ಟಡಗಳೂ ಏಳುತ್ತಿವೆ. ಅಲ್ಲಿ ಗಾಜಿನ ಬಾಗಿಲು, ತಂಪು ಯಂತ್ರ, ಒಂದು ಕುಟುಂಬಕ್ಕೊಂದು ಮೇಜು. ಶುಚಿಯಿದೆ, ಸೌಕರ್ಯವಿದೆ, ಹೆಂಗಸರು ಮಕ್ಕಳಿಗೆ ಅನುಕೂಲವಿದೆ. ಅವುಗಳನ್ನು ದೂರುವುದು ಸಲ್ಲದು. ಆದರೂ ಅಲ್ಲಿ ಯಾರೂ ಬಂದು “ಇಲ್ಲಿ ಕುಳಿತುಕೊಳ್ಳಬಹುದೇ?” ಎಂದು ಕೇಳುವುದಿಲ್ಲ. ಒಳಗಿನ ಕೋಣೆ, ಹೊರಗಿನ ಬೆಂಚು ಎಂದು ಹಿಂದೆ ಜಾತಿ ಎಳೆದ ಗೆರೆಯನ್ನು ಈಗ ದರಪಟ್ಟಿ ಸದ್ದಿಲ್ಲದೆ ಎಳೆಯುತ್ತಿದೆಯೇ ಎಂಬ ಸಂಶಯ ನನ್ನನ್ನು ಬಿಟ್ಟಿಲ್ಲ.

ಈ ರಜೆಯಲ್ಲಿ ಆ ಕಡೆಗೆ ಹೋಗುವ ವಾಚಕರಿಗೆ ನನ್ನದೊಂದು ಸಲಹೆ. ಒಮ್ಮೆಯಾದರೂ ಹೆಂಚಿನ ಮಾಡಿನ ಹೊಟೇಲಿನ ಮುಂದೆ ವಾಹನವನ್ನು ನಿಲ್ಲಿಸಿ. ಮಕ್ಕಳನ್ನು ಬೆಂಚಿನ ತುದಿಯಲ್ಲಿ ಕೂರಿಸಿ. ಯಾರಾದರೂ ಬಂದು ಜಾಗ ಕೇಳಿದರೆ ಉತ್ತರವನ್ನು ಮಕ್ಕಳಿಗೇ ಬಿಡಿ. ಅವರು ನಮಗಿಂತ ಬೇಗ ಸರಿಯುತ್ತಾರೆ.