ಬೆರಳಿಗೆ ಅಪ್ಪಣೆ ಎಲ್ಲಿಂದ?

ಕೆಮ್ಮಣ್ಣುಗುಂಡಿಗೆ ಹೋಗುವವರು ದಾರಿಯಲ್ಲಿ ಕಲ್ಲತ್ತಿಗಿರಿಯಲ್ಲಿ ಇಳಿಯುವುದು ವಾಡಿಕೆ. ವೀರಭದ್ರ ದೇವರಿಗೆ ಕೈಮುಗಿದು, ನೀರಿನಲ್ಲಿ ಕಾಲು ನೆನೆಸಿ, ಕಡಲೆಕಾಯಿ ಪೊಟ್ಟಣ ಬಿಚ್ಚುವಷ್ಟರಲ್ಲಿ ಕೋತಿ ಹಾಜರು. ಪೊಟ್ಟಣ ಹೋಯಿತೆಂದು ಬೈಯುವ ಮೊದಲು ಒಂದು ನಿಮಿಷ ಅದರ ಕೈ ನೋಡಿ. ಕಾಯಿ ಒಡೆದು, ಸಿಪ್ಪೆ ಬಿಸಾಕಿ, ಬೀಜವನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಬಾಯಿಗೆ ಹಾಕಿಕೊಳ್ಳುತ್ತದೆ. ನೆಲಕ್ಕೆ ಬಿದ್ದ ಒಂದೇ ಒಂದು ಕಾಳನ್ನೂ ಬಿಡುವುದಿಲ್ಲ. ಇನ್ನಾವ ಸಾಕುಪ್ರಾಣಿಯೂ ಹೀಗೆ ಮಾಡಲಾರದು. ನಾಯಿ ಬಾಯಿ ಹಾಕುತ್ತದೆ, ಹಸು ನಾಲಿಗೆ ಚಾಚುತ್ತದೆ. ಬೆರಳನ್ನು ಒಂದೊಂದಾಗಿ ಆಡಿಸಿ ಹೆಕ್ಕುವುದು ಕೋತಿಗೂ ನಮಗೂ ಒಲಿದ ವಿದ್ಯೆ.

ಈ ವಿದ್ಯೆಯ ಮೂಲ ಕೈಯಲ್ಲಿ ಇಲ್ಲ, ತಲೆಯಲ್ಲಿದೆ. ನಿಮ್ಮ ಒಂದು ಕಿವಿಯ ಮೇಲಿನಿಂದ ನಡುನೆತ್ತಿಯ ಮೇಲೆ ಹಾಯ್ದು ಇನ್ನೊಂದು ಕಿವಿಯವರೆಗೆ ಒಂದು ಪಟ್ಟಿ ಕಟ್ಟಿದ್ದೀರೆಂದು ಭಾವಿಸಿ. ತಲೆಬುರುಡೆಯ ಒಳಗೆ, ಸುಮಾರು ಆ ಪಟ್ಟಿಯ ಕೆಳಗೇ, ಮಿದುಳಿನ ಹೊರಪದರದ ಒಂದು ಮಡಿಕೆ ಇದೆ. ಅದನ್ನು ಚಾಲಕ ತೊಗಟೆ ಎನ್ನುತ್ತಾರೆ. ವೈದ್ಯರ ಬಾಯಲ್ಲಿ ಮೋಟಾರ್ ಕಾರ್ಟೆಕ್ಸ್. ಅಲ್ಲಿನ ದೊಡ್ಡ ನರಕೋಶಗಳನ್ನು 1874ರಲ್ಲಿ ಗುರುತಿಸಿದವರು ಕೀವ್ ನಗರದ ಬೆಟ್ಜ್. ಇಂಥ ಕೋಶಗಳಿಂದ ಹೊರಟ ತಂತುಗಳು ಮಿದುಳಿನ ಕಾಂಡದ ಕೆಳತುದಿಯಲ್ಲಿ ಬಹುಪಾಲು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟಿ ಬೆನ್ನುಹುರಿಗೆ ಇಳಿಯುತ್ತವೆ. ಎಡ ಮಿದುಳಿಗೆ ಪೆಟ್ಟಾದರೆ ಬಲಗೈ ಬೀಳುವುದು ಈ ದಾಟುವಿಕೆಯಿಂದ. ಒಂದೊಂದು ಕಡೆಯ ಹಾದಿಯಲ್ಲಿ ಸುಮಾರು ಹತ್ತು ಲಕ್ಷ ತಂತುಗಳಿವೆ. ತಲೆಯಿಂದ ಹೊರಟ ಅಪ್ಪಣೆ ಬೆರಳಿನ ಸ್ನಾಯು ಮುಟ್ಟಲು ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗ ಸಾಕು.

ಈಗ ಕಲ್ಲತ್ತಿಗಿರಿಯಿಂದ ಇಳಿದು ಅಜ್ಜಂಪುರದ ಕಡೆ ಬನ್ನಿ. ತರೀಕೆರೆಯಿಂದ ಬೇರೆಯಾಗಿ ಈಗ ತಾನೇ ಒಂದು ತಾಲ್ಲೂಕಾಗಿರುವ ಈ ಊರಿನ ಅಮೃತಮಹಲ್ ತಳಿ ಕೇಂದ್ರ ನಾಡಿಗೆಲ್ಲ ಗೊತ್ತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಬಂದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ದನಗಳು ಇವು. ಇವುಗಳ ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಎದ್ದು ನಿಂತು ತಾಯಿಯ ಕೆಚ್ಚಲು ಹುಡುಕುತ್ತದೆ. ನಮ್ಮ ಮಗು ಎದ್ದು ನಡೆಯಲು ಹೆಚ್ಚುಕಡಿಮೆ ಒಂದು ವರ್ಷ. ಹಾಗಾದರೆ ಕರುವೇ ಜಾಣನೇ?

ನಡೆಯುವ ಕೆಲಸದ ಮಟ್ಟಿಗೆ ಕರು ತಯಾರಾಗಿಯೇ ಬರುತ್ತದೆ. ಹೆಜ್ಜೆ ಹಾಕುವ ತಾಳ ಅದರ ಬೆನ್ನುಹುರಿಯಲ್ಲಿ ಮತ್ತು ಮಿದುಳಿನ ಕಾಂಡದಲ್ಲಿ ಮೊದಲೇ ಕೂತಿರುತ್ತದೆ. ಗೊರಸಿನ ಪ್ರಾಣಿಗಳಲ್ಲಿ ತೊಗಟೆಯಿಂದ ಇಳಿದು ಬರುವ ಹಾದಿ ಸಣ್ಣದು, ಬಹುಮಟ್ಟಿಗೆ ಕತ್ತಿನ ಭಾಗದಲ್ಲೇ ಮುಗಿದುಹೋಗುತ್ತದೆ. ಗೊರಸಿಗೆ ಬೆರಳಾಟ ಬೇಕಿಲ್ಲವಲ್ಲ. ನಮ್ಮಲ್ಲಾದರೋ ಆ ಹಾದಿ ಬೆನ್ನುಹುರಿಯ ಉದ್ದಕ್ಕೂ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಕೋತಿ, ವಾನರ ಮತ್ತು ಮನುಷ್ಯರಲ್ಲಿ ಅದರ ಕೆಲವು ತಂತುಗಳು ನಡುವೆ ಯಾವ ದಲ್ಲಾಳಿಯೂ ಇಲ್ಲದೆ ನೇರವಾಗಿ ಬೆರಳಿನ ಸ್ನಾಯುವನ್ನು ಆಳುವ ನರಕೋಶಕ್ಕೇ ತಗಲುತ್ತವೆ. ಈ ನೇರ ಸಂಪರ್ಕ ಹುಟ್ಟುವಾಗ ಪೂರ್ತಿಯಾಗಿರುವುದಿಲ್ಲ. ಒಂಬತ್ತು ಹತ್ತು ತಿಂಗಳ ಮಗು ಚಾಪೆಯ ಮೇಲಿನ ಒಂದು ಅಕ್ಕಿಕಾಳನ್ನು ಎರಡು ಬೆರಳಲ್ಲಿ ಹೆಕ್ಕಿದಾಗ ಮನೆಯವರು ‘ಅಯ್ಯೋ, ಬಾಯಿಗೆ ಹಾಕೀತು’ ಎಂದು ಓಡುತ್ತಾರೆ. ಹಾದಿ ಕೂಡಿತೆಂಬುದರ ಗುರುತು ಅದು.

ಇದು ತಿಳಿದದ್ದು ಸುಲಭವಾಗಿ ಅಲ್ಲ. 1870ರಲ್ಲಿ ಬರ್ಲಿನ್ನಿನ ಫ್ರಿಚ್ ಮತ್ತು ಹಿಟ್ಜಿಗ್ ನಾಯಿಯ ಮಿದುಳಿಗೆ ಸಣ್ಣ ವಿದ್ಯುತ್ ಮುಟ್ಟಿಸಿ ಎದುರು ಕಡೆಯ ಕಾಲು ಅಲುಗಿದ್ದನ್ನು ಕಂಡರು. ಬ್ರಿಟನ್ನಿನ ಡೇವಿಡ್ ಫೆರಿಯರ್ ಕೋತಿಗಳಲ್ಲಿ ಅದನ್ನೇ ಮುಂದುವರಿಸಿದರು. 1881ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನದಲ್ಲಿ ಒಂದು ಸ್ವಾರಸ್ಯದ ಜಗಳ ನಡೆಯಿತು. ಜರ್ಮನಿಯ ಗೋಲ್ಟ್ಸ್ ತೊಗಟೆಯ ದೊಡ್ಡ ಭಾಗ ತೆಗೆದ ನಾಯಿಯೊಂದನ್ನು ತಂದು, ‘ನೋಡಿ, ಓಡಾಡುತ್ತಿದೆ, ಚಲನೆಗೆ ಮಿದುಳಿನಲ್ಲಿ ಪ್ರತ್ಯೇಕ ಜಾಗವೇನೂ ಇಲ್ಲ’ ಎಂಬಂತೆ ವಾದಿಸಿದರು. ಫೆರಿಯರ್ ತಂದದ್ದು ಎಡಗಡೆಯ ಚಾಲಕ ಭಾಗ ತೆಗೆದ ಕೋತಿ. ಅದು ಬಲಗೈ ಬಲಗಾಲು ಸ್ವಾಧೀನವಿಲ್ಲದೆ ಕುಂಟುತ್ತ ಬಂತು. ಸಭೆಯಲ್ಲಿದ್ದ ಫ್ರಾನ್ಸಿನ ಹೆಸರಾಂತ ವೈದ್ಯ ಶಾರ್ಕೊ ಅದನ್ನು ಕಂಡು, ಇದು ನಮ್ಮ ರೋಗಿಯೇ ಎಂದು ಉದ್ಗರಿಸಿದರಂತೆ. ಇಂದು ಹಿಂತಿರುಗಿ ನೋಡಿದರೆ ಇಬ್ಬರು ಕಂಡದ್ದೂ ನಿಜ. ನಾಯಿ ತೊಗಟೆಯನ್ನು ಅಷ್ಟಾಗಿ ನೆಚ್ಚಿಲ್ಲ. ಕೋತಿ ನೆಚ್ಚಿದೆ, ಮನುಷ್ಯ ಇನ್ನೂ ಹೆಚ್ಚು ನೆಚ್ಚಿದ್ದಾನೆ. ಪ್ರಾಣಿಹಿಂಸೆಯ ಕಾಯಿದೆಯಡಿ ಫೆರಿಯರ್ ಆಮೇಲೆ ನ್ಯಾಯಾಲಯಕ್ಕೂ ಹೋಗಬೇಕಾಯಿತು. ಶಸ್ತ್ರಕ್ರಿಯೆ ಮಾಡಿದವರು ಪರವಾನಗಿ ಇದ್ದ ಇನ್ನೊಬ್ಬರೆಂದು ತಿಳಿದು ಬಿಡುಗಡೆಯಾಯಿತು. ಆ ಪ್ರಶ್ನೆ ಇಂದಿಗೂ ಮುಗಿದಿಲ್ಲ, ಮುಗಿಯಲೂ ಬಾರದು. ಕಲ್ಲತ್ತಿಗಿರಿಯಲ್ಲಿ ನೀವು ಕಾಣುವ ಜಾತಿಯ ಕೋತಿಗಳನ್ನೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೋಟಕ್ಕೆ ಸಂಬಂಧಿಸಿದ ಸಂಶೋಧನೆಯಲ್ಲಿ ಬಳಸಿದ್ದಾರೆ.

ಮುಂದೆ ಮಾಂಟ್ರಿಯಲ್ ನಗರದ ಪೆನ್‌ಫೀಲ್ಡ್ ಮತ್ತು ಬೋಲ್ಡ್ರಿ, ಎಚ್ಚರವಾಗಿಯೇ ಇದ್ದ ರೋಗಿಗಳ ಶಸ್ತ್ರಕ್ರಿಯೆಯ ಸಮಯದಲ್ಲಿ ಈ ಪಟ್ಟಿಯ ನಕ್ಷೆ ತೆಗೆದು 1937ರಲ್ಲಿ ಪ್ರಕಟಿಸಿದರು. ನೆತ್ತಿಯ ಕಡೆ ಕಾಲು, ನಡುವೆ ಕೈ, ಕಿವಿಯ ಕಡೆ ಮುಖ ಮತ್ತು ನಾಲಿಗೆ. ಇಡೀ ಬೆನ್ನಿಗೆ ಸಿಕ್ಕ ಜಾಗ ಅಂಗೈಯಗಲವೂ ಇಲ್ಲ. ಕೈಗೆ, ತುಟಿಗೆ ಭಾರಿ ಆಸ್ತಿ. ಈ ನಕ್ಷೆಯೂ ಅಂತಿಮವಲ್ಲ. ಕಾಲು, ಕೈ, ಮುಖಗಳ ಭಾಗದ ನಡುನಡುವೆ ಇಡೀ ಮೈಯ ಕೆಲಸವನ್ನು ಹೊಂದಿಸುವ ಬೇರೆ ತುಣುಕುಗಳಿವೆಯೆಂದು 2023ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು.

ಒಂದು ಕೋಶಕ್ಕೆ ಒಂದು ಸ್ನಾಯು, ಗುಂಡಿ ಒತ್ತಿದರೆ ದೀಪ ಹತ್ತಿದಂತೆ ಎಂದು ತಿಳಿಯಬೇಡಿ. 1980ರ ದಶಕದಲ್ಲಿ ಜಾರ್ಗೋಪೊಲಸ್ ಎಂಬುವರು ಕೋತಿ ಕೈ ಚಾಚುವಾಗ ಒಂದೊಂದು ಕೋಶದ ಸದ್ದನ್ನೂ ಬರೆದುಕೊಂಡರು. ಪ್ರತಿ ಕೋಶಕ್ಕೂ ತನಗೆ ಇಷ್ಟವಾದ ಒಂದು ದಿಕ್ಕು ಇತ್ತು. ಕೈ ಆ ಕಡೆ ಹೋಗುವಾಗ ಅದು ಹೆಚ್ಚು ಮಿಡಿಯುತ್ತಿತ್ತು. ಜಾತ್ರೆಯ ತೇರನ್ನು ನೆನೆಯಿರಿ. ಹಗ್ಗ ಹಿಡಿದ ನೂರಾರು ಜನ ಒಂದೇ ನೇರಕ್ಕೆ ಎಳೆಯುವುದಿಲ್ಲ. ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ, ಒಬ್ಬ ಸುಮ್ಮನೆ ಮುಟ್ಟಿರುತ್ತಾನೆ. ಎಲ್ಲರ ಸೆಳೆತ ಕೂಡಿ ತೇರು ಒಂದು ದಾರಿ ಹಿಡಿಯುತ್ತದೆ. ಕೈಯೂ ಹಾಗೆಯೇ.

ತರೀಕೆರೆ ಸೀಮೆಯ ತೋಟದ ಮನೆಗಳಲ್ಲಿ ಕೊಯ್ಲಿನ ಕಾಲಕ್ಕೆ ಹಸಿ ಅಡಿಕೆ ಸುಲಿಯುವ ಹೆಣ್ಣುಮಕ್ಕಳನ್ನು ಕಂಡವರಿಗೆ ಕೈಯ ಬೆಲೆ ಹೇಳಬೇಕಿಲ್ಲ. ಈಗ ಸುಲಿಯುವ ಯಂತ್ರ ಬಂದಿದೆ, ಆದರೂ ಮೆಟ್ಟುಗತ್ತಿ ಮೂಲೆ ಸೇರಿಲ್ಲ. ಒಂದು ಕೈ ಕಾಯಿ ತಿರುಗಿಸುತ್ತದೆ, ಇನ್ನೊಂದು ಒತ್ತುತ್ತದೆ, ಕಣ್ಣು ಪಕ್ಕದವರ ಕಡೆ, ಬಾಯಿ ಊರ ಸುದ್ದಿಯಲ್ಲಿ. ಬೆರಳು ಅಲಗಿಗೆ ಕೂದಲೆಳೆ ದೂರ, ತಗಲುವುದಿಲ್ಲ. ಡಬ್ಬದ ಲೆಕ್ಕದಲ್ಲಿ ಕೂಲಿ. ಹೀಗೆ ಇಪ್ಪತ್ತು ವರ್ಷ ಸುಲಿದ ತಾಯಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆಯುತ್ತದೆ ಎನ್ನಿ. ಎರಡು ಮೂರು ತಿಂಗಳಲ್ಲಿ ಆಕೆ ಗೋಡೆ ಹಿಡಿದು, ಆಮೇಲೆ ಕೋಲೂರಿ, ಕಾಲನ್ನು ಬೀಸಿ ಬೀಸಿ ನಡೆಯುತ್ತಾಳೆ. ಕೈ ಮಾತ್ರ ಎದೆಗೆ ಮಡಿಚಿಕೊಂಡೇ ಉಳಿಯುತ್ತದೆ. ‘ಕಾಲು ಬಂತಲ್ಲ ಅಜ್ಜಿ, ಕೈ ಯಾಕೆ ಬರಲೊಲ್ಲದು’ ಎಂದು ಮೊಮ್ಮಕ್ಕಳು ಕೇಳುತ್ತಾರೆ.

ಇದಕ್ಕೆ ಉತ್ತರ 1968ರಲ್ಲಿ ಲಾರೆನ್ಸ್ ಮತ್ತು ಕೈಪರ್ಸ್ ಪ್ರಕಟಿಸಿದ ಪ್ರಯೋಗದಲ್ಲಿದೆ. ತೊಗಟೆಯಿಂದ ಬೆನ್ನುಹುರಿಗೆ ಇಳಿಯುವ ಹಾದಿಯನ್ನಷ್ಟೇ ಕತ್ತರಿಸಿದ ಕೋತಿಗಳು ಕೆಲವು ವಾರಗಳಲ್ಲಿ ನಡೆದವು, ಪಂಜರದ ಸರಳು ಹಿಡಿದು ಏರಿದವು. ಮರಳಿ ಬಾರದೆ ಹೋದದ್ದು ಒಂದೇ: ಸಣ್ಣ ಗುಳಿಯಲ್ಲಿ ಇಟ್ಟ ತಿನಿಸನ್ನು ಎರಡು ಬೆರಳಲ್ಲಿ ಹೆಕ್ಕುವುದು. ಐದು ಬೆರಳೂ ಒಟ್ಟಿಗೆ ಮುಚ್ಚುತ್ತಿದ್ದವು. ವಿಚಿತ್ರವೆಂದರೆ, ಹಿಡಿದ ತಿನಿಸನ್ನು ಬಿಡಲು ಅವು ಪರದಾಡುತ್ತಿದ್ದವು; ಏರುವಾಗ ಅದೇ ಕೈ ಸರಳನ್ನು ಸಲೀಸಾಗಿ ಬಿಡುತ್ತಿತ್ತು. ಅಂದರೆ ನಡೆಗೆ, ಏರುವುದಕ್ಕೆ ಮಿದುಳಿನ ಕಾಂಡದಿಂದ ಹಳೆಯ ಬೇರೆ ಹಾದಿಗಳಿವೆ. ಅಮೃತಮಹಲ್ ಕರು ನೆಚ್ಚಿರುವುದು ಅಂಥವನ್ನೇ. ಬೆರಳಿಗೆ ಬದಲಿ ಹಾದಿ ಇಲ್ಲವೆನ್ನುವಷ್ಟು ಕಡಿಮೆ.

ಇನ್ನೊಂದು ಸಂಗತಿ. ಬಿದ್ದ ಕೈ ಕೆಲವರಿಗೆ ಆಕಳಿಸುವಾಗ ತಾನಾಗಿ ಮೇಲೇಳುತ್ತದೆ. ‘ಹಲ್ಲು ತೋರಿಸಿ’ ಎಂದರೆ ಸೊಟ್ಟಗಾಗುವ ಬಾಯಿ, ಮೊಮ್ಮಗುವನ್ನು ಕಂಡು ನಕ್ಕಾಗ ನೆಟ್ಟಗಿರುವುದೂ ಉಂಟು. ರೋಗಿ ನಟಿಸುತ್ತಿದ್ದಾರೆಂದು ದಯವಿಟ್ಟು ಗದರಬೇಡಿ. ಆಕಳಿಕೆಗೂ ನಗುವಿಗೂ ದಾರಿ ಬೇರೆ; ಇಚ್ಛೆಯ ಅಪ್ಪಣೆಯ ದಾರಿ ಮಾತ್ರ ಮುರಿದಿದೆ.

ಹಾಗಾದರೆ ಮುರಿಯದಂತೆ ಉಳಿಸಿಕೊಳ್ಳುವುದು ಹೇಗೆ? ಬಾಯಿ ಒಂದು ಕಡೆ ಸೊಟ್ಟಗಾದರೆ, ಎರಡೂ ಕೈ ಎತ್ತಿ ಎಂದಾಗ ಒಂದು ಕೆಳಗೆ ಜಾರಿದರೆ, ಮಾತು ತೊದಲಿದರೆ, ಆ ಕ್ಷಣವೇ ಗಡಿಯಾರ ನೋಡಿ ಗಂಟೆ ಬರೆದಿಡಿ, 108ಕ್ಕೆ ಫೋನ್ ಮಾಡಿ. ದೊಡ್ಡ ರಕ್ತನಾಳ ಕಟ್ಟಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಒಂದು ಅಂದಾಜು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಅದಕ್ಕೂ ಮೊದಲು ತಲೆಯ ಸಿ.ಟಿ. ಸ್ಕ್ಯಾನ್ ಆಗಲೇಬೇಕು, ಏಕೆಂದರೆ ನಾಳ ಒಡೆದು ರಕ್ತ ಸೋರಿದ್ದರೆ ಅದೇ ಮದ್ದು ಪ್ರಾಣಕ್ಕೆ ಕುತ್ತು. ಕಡೂರಿನವರಾಗಲಿ ಅಜ್ಜಂಪುರದವರಾಗಲಿ, ಸ್ಕ್ಯಾನ್ ಮತ್ತು ಚುಚ್ಚುಮದ್ದು ಎರಡೂ ಹಗಲಿರುಳು ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಆ ಗಳಿಗೆಯಲ್ಲಿ ವಿಚಾರಿಸಲು ಹೊತ್ತಿರುವುದಿಲ್ಲ. ಪಾರಿವಾಳದ ನೆತ್ತರು ತಿಕ್ಕುವುದು, ಎಣ್ಣೆ ನೀವಿಸಲು ದೂರದ ಊರಿಗೆ ಒಯ್ಯುವುದು, ಈ ಓಡಾಟದಲ್ಲೇ ನಾಲ್ಕೂವರೆ ಗಂಟೆ ಕಳೆದುಹೋಗುತ್ತದೆ. ಬಾಯಿಗೆ ನೀರು ಹುಯ್ಯಬೇಡಿ. ನುಂಗುವ ಸ್ನಾಯುವೂ ಸೋತಿರಬಹುದು, ನೀರು ಶ್ವಾಸಕೋಶಕ್ಕೆ ಇಳಿದೀತು. ಲಕ್ವ, ಮೂರ್ಛೆ, ಮರೆವಿನಂಥ ಮಿದುಳಿನ ತೊಂದರೆಗಳಿಗಾಗಿಯೇ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಒಂದು ಕಾರ್ಯಕ್ರಮ ಆರಂಭಿಸಿವೆ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ ನೋಡಿ.

ಬಿದ್ದ ಕೈಯನ್ನು ಕೈಬಿಡಬೇಕಿಲ್ಲ. 1996ರಲ್ಲಿ ನುಡೊ ಮತ್ತು ಸಂಗಡಿಗರು, ಮಿದುಳಿಗೆ ಸಣ್ಣ ಪೆಟ್ಟಾದ ಕೋತಿಗಳಿಗೆ ತಿನಿಸು ಹೆಕ್ಕುವ ಅಭ್ಯಾಸವನ್ನು ದಿನವೂ ಮಾಡಿಸಿದರು. ಪೆಟ್ಟಿನ ಸುತ್ತ ಉಳಿದ ತೊಗಟೆಯಲ್ಲಿ ಕೈಯ ಜಾಗ ಕಳೆದುಹೋಗದೆ ಉಳಿಯಿತು, ಕೆಲವೆಡೆ ಬೆಳೆಯಿತು. ಅಭ್ಯಾಸವಿಲ್ಲದವುಗಳಲ್ಲಿ ಆ ಜಾಗ ಇನ್ನೂ ಕುಗ್ಗಿತ್ತು. ಆದ್ದರಿಂದ ವ್ಯಾಯಾಮ ಚಿಕಿತ್ಸಕರು ಹೇಳಿದ್ದನ್ನು ದಿನಕ್ಕೆ ಹತ್ತು ಸಲ ಮಾಡಿ ನಿಲ್ಲಿಸದೆ ನೂರಾರು ಸಲ ಮಾಡಿಸಿ. ಸೋತ ಕೈ ಹಿಡಿದೆಳೆದು ರೋಗಿಯನ್ನು ಎಬ್ಬಿಸಬೇಡಿ, ಭುಜದ ಕೀಲು ಜಾರುತ್ತದೆ. ಮೊದಲು ಟವೆಲ್ಲು ಹಿಡಿದು ಬಿಡುವುದು, ಆಮೇಲೆ ಮರದಲ್ಲಿಟ್ಟ ಅಡಿಕೆಯನ್ನು ಒಂದೊಂದಾಗಿ ಡಬ್ಬಕ್ಕೆ ಹಾಕುವುದು. ನುಂಗಲು ತೊಂದರೆಯಿಲ್ಲವೆಂದು ವೈದ್ಯರು ಹೇಳಿದ ಮೇಲೆ, ಹೊತ್ತಾದರೂ ಆಗಲಿ, ಮುದ್ದೆಯನ್ನು ಆ ಕೈಯಿಂದಲೇ ಮುರಿಯಲು ಬಿಡಿ.